ಮೂವತ್ತೊಂದನೆಯ ಉಪವಾಸ

ದುಬೈಯಲ್ಲಿದ್ದ ವರ್ಷಗಳಲ್ಲಿ ನಮ್ಮ ಊರಿನ ಹೆಸರು ಹೇಳಿದಾಗಲೆಲ್ಲ ಎದುರಿಗಿದ್ದವರು ನಗುತ್ತಿದ್ದರು. "ಅರಬೈಲಾ? ಹಾಗಾದರೆ ನೀವು ಅರಬರೇ ಆದಿರಲ್ಲ, ನಿಮಗೆ ವೀಸಾ ಯಾಕೆ ಬೇಕಾಯಿತು?" ಎಂದು ಮಂಗಳೂರು ಕಡೆಯ ಬ್ಯಾರಿ ಗೆಳೆಯರು ಕೀಟಲೆ ಮಾಡುತ್ತಿದ್ದರು. ಅಂಕೋಲೆಯಿಂದ ಯಲ್ಲಾಪುರಕ್ಕೆ ಹತ್ತುವ ದಾರಿಯಲ್ಲಿ ಸಿಗುವ ಘಟ್ಟ ಅದು, ಸುತ್ತ ಕಾಡು, ಅಡಿಕೆ ತೋಟ, ಮಳೆಗಾಲದಲ್ಲಿ ಎದುರಿನ ಲಾರಿ ಕಾಣದಷ್ಟು ಮಂಜು ಎಂದು ನಾವು ಎಷ್ಟು ವಿವರಿಸಿದರೂ ಅವರ ಕಣ್ಣು ಹೆಸರಿನ ಮೇಲೆಯೇ. ಉರ್ದು ಶಾಲೆಯಲ್ಲಿ ಕಲಿತ ಪುಣ್ಯದಿಂದ ನಮಗೆ ಅಲ್ಲಿನ ಅರಬ್ಬಿ ಬೋರ್ಡುಗಳನ್ನು ಓದಲು ಬರುತ್ತಿತ್ತು. ಅರ್ಥ ಮಾತ್ರ ಆಗುತ್ತಿರಲಿಲ್ಲ. ನಮ್ಮ ಅರಬತನ ಅಷ್ಟೇ.

ಇಲ್ಲಿ ಬರೆಯುತ್ತಿರುವುದು 2010ರ ರಮಝಾನ್ ಬಗ್ಗೆ. ಆ ವರ್ಷ ದುಬೈಯಲ್ಲಿ ಆಗಸ್ಟ್ 11ರಂದು ಮೊದಲ ಉಪವಾಸ. ನಮ್ಮ ಊರಿನಲ್ಲಿ 12ರಂದು. ಇದಕ್ಕೂ ಮುಂಚೆ ಅಲ್ಲಿ ಎರಡು ರಮಝಾನ್ ಕಳೆದಿದ್ದೆವು, ಆಮೇಲೆಯೂ ಕಳೆದೆವು. ಆದರೆ ಉಪವಾಸದ ತಿಂಗಳು ಬಂತೆಂದರೆ ಈಗಲೂ ಕಣ್ಣಿಗೆ ಕಟ್ಟುವುದು ಆ ವರ್ಷದ್ದೇ.

ಗಲ್ಫಿನ ರಮಝಾನ್ ಬಗ್ಗೆ ಊರಿನಲ್ಲಿ ಕೇಳಿದ್ದು ಬಹಳ. ಇಡೀ ನಗರವೇ ರೋಝಾ ಹಿಡಿಯುತ್ತದಂತೆ, ಹಗಲಿನಲ್ಲಿ ಹೋಟೆಲುಗಳಿಗೆ ಪರದೆ ಇಳಿಯುತ್ತದಂತೆ, ಸಂಜೆ ಮಸೀದಿಯ ಮುಂದೆ ಡೇರೆ ಹಾಕಿ ಬಂದವರಿಗೆಲ್ಲ ಊಟ ಕೊಡುತ್ತಾರಂತೆ. ಇದೆಲ್ಲ ನಿಜವೇ ಆಗಿತ್ತು. (ಪರದೆಯ ನಿಯಮ ಈಗಿಲ್ಲ; 2021ರಲ್ಲಿ ದುಬೈ ಅದನ್ನು ಸಡಿಲಿಸಿತು.) ಶುಕ್ರವಾರ ನಮಗೆ ರಜೆ. ಆ ದಿನ ಅಸರ್ ನಮಾಝ್ ಮುಗಿಸಿ ದೇರಾಕ್ಕೆ ಹೋಗುತ್ತಿದ್ದೆವು. ಖಾಡಿ ದಾಟಲು ದೋಣಿಗೆ ಒಂದು ದಿರ್ಹಮ್. ಮಸೀದಿಯ ಅಂಗಳದಲ್ಲಿ ಉದ್ದಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಪ್ರತಿಯೊಬ್ಬರ ಮುಂದೆ ನೀರಿನ ಬಾಟಲಿ, ಮಜ್ಜಿಗೆಯ ಪೊಟ್ಟಣ, ನಾಲ್ಕು ಖರ್ಜೂರ, ಒಂದು ಕಿತ್ತಳೆ. ನಡುನಡುವೆ ದೊಡ್ಡ ತಟ್ಟೆಗಳಲ್ಲಿ ಬಿರಿಯಾನಿ, ಕೆಲವೊಮ್ಮೆ ಗೋಧಿ ಮತ್ತು ಮಾಂಸವನ್ನು ಕಡೆದು ಮಾಡಿದ ಹರೀಸ್. ತಟ್ಟೆ ಹೊತ್ತು ತರುತ್ತಿದ್ದವರಲ್ಲಿ ಮನೆಯ ಯಜಮಾನರಾದ ಅರಬ್ ಮುದುಕರೂ ಇರುತ್ತಿದ್ದರು. ಮೊಣಕಾಲು ನೋವಿನಿಂದ ಕುಂಟುತ್ತ ಬಗ್ಗಿ ಪಠಾಣನ ಮುಂದೆಯೂ ಬಂಗಾಳಿಯ ಮುಂದೆಯೂ ತಟ್ಟೆ ಇಡುತ್ತಿದ್ದರು. ನೀನು ಯಾರು, ಯಾವ ಧರ್ಮದವನು ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಆಂಧ್ರದ ಹಿಂದೂ ಕೂಲಿಗಳೂ ನಮ್ಮ ಸಾಲಿನಲ್ಲಿ ಕೂತು, ಬಾಂಗಿನ ತನಕ ಖರ್ಜೂರ ಮುಟ್ಟದೆ ಕಾಯುತ್ತಿದ್ದರು. ಆ ಕೊನೆಯ ಐದು ನಿಮಿಷದ ಮೌನವನ್ನು ನಾವು ಬೇರೆಲ್ಲೂ ಕಂಡಿಲ್ಲ. ಸಾವಿರ ಜನ ಊಟದ ಮುಂದೆ ಕೂತು ಸುಮ್ಮನಿರುವುದು ಸಣ್ಣ ಸಂಗತಿಯಲ್ಲ.

ಅಮ್ಮಿಗೆ ಫೋನಿನಲ್ಲಿ ಇದನ್ನು ವರ್ಣಿಸುತ್ತಿದ್ದೆವು. ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ. ಅವರು ರೋಝಾ ಬಿಟ್ಟು, ಮಗ್ರಿಬ್ ನಮಾಝ್ ಮುಗಿಸಿ, ಚಾ ಕುಡಿದು ಫೋನ್ ಮಾಡುವ ಹೊತ್ತಿಗೆ ನಮಗೆ ಇನ್ನೂ ಒಂದು ತಾಸು ಉಳಿದಿರುತ್ತಿತ್ತು. "ಬಿಟ್ಟೆಯಾ ಬೇಟಾ?" ಎಂದು ದಿನವೂ ಕೇಳುವರು, ದಿನವೂ "ಇನ್ನೂ ಇಲ್ಲ" ಎನ್ನುತ್ತಿದ್ದೆವು. "ಅಯ್ಯೋ, ನಾನು ತಿಂದು ಕೂತಿದ್ದೇನೆ" ಎಂದು ದಿನವೂ ನೊಂದುಕೊಳ್ಳುವರು. ಲೆಕ್ಕ ಹಾಕಿದರೆ ಅಲ್ಲಿನ ಹಗಲು ಇಲ್ಲಿಗಿಂತ ಬಹಳ ಉದ್ದವೇನಲ್ಲ. ಆ ತಿಂಗಳಲ್ಲಿ ಎರಡೂ ಕಡೆ ಹದಿನಾಲ್ಕು ತಾಸಿನ ಆಸುಪಾಸು. ವ್ಯತ್ಯಾಸ ಬಿಸಿಲಿನದು. ಅರಬೈಲಿನಲ್ಲಿ ಶ್ರಾವಣದ ಜಡಿಮಳೆ. ಉಪವಾಸಿಗೆ ಬಾಯಾರಿಕೆ ಎಂದರೇನೆಂದು ಗೊತ್ತಾಗದು, ಹಸಿವು ಮಾತ್ರ. ದುಬೈಯಲ್ಲಿ ಹಸಿವು ಮಧ್ಯಾಹ್ನದ ಹೊತ್ತಿಗೆ ಸತ್ತುಹೋಗುತ್ತಿತ್ತು. ಆಮೇಲೆ ಉಳಿಯುವುದು ನೀರಿನ ಯೋಚನೆ ಒಂದೇ.

ಅಮ್ಮಿಗೆ ಹೇಳುತ್ತಿದ್ದುದು ಶುಕ್ರವಾರಗಳ ಸುದ್ದಿ. ಉಳಿದ ಆರು ದಿನಗಳದ್ದು ಹೇಳುತ್ತಿರಲಿಲ್ಲ.

ನಮ್ಮದು ಒಂದು ಕಟ್ಟಡ ಕಂಪೆನಿಯಲ್ಲಿ ಟೈಂಕೀಪರ್ ಕೆಲಸ. ಕೂಲಿಗಳು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ಹಾಜರಿ ಪುಸ್ತಕದಲ್ಲಿ ಬರೆದು ಕೆಳಗೆ ಸಹಿ ಹಾಕುವುದು. ಸಂಬಳದ ಲೆಕ್ಕವೆಲ್ಲ ಅದರ ಮೇಲೆ. ಅಲ್ಲಿನ ಕಾನೂನು ಒಳ್ಳೆಯದೇ ಇತ್ತು, ಇದೆ ಕೂಡ. ದಿನಕ್ಕೆ 8 ತಾಸಿನ ಕೆಲಸ ರಮಝಾನಿನಲ್ಲಿ 2 ತಾಸು ಕಡಿಮೆಯಾಗುತ್ತದೆ. ಉಪವಾಸ ಇರುವವರಿಗೆ ಮಾತ್ರವಲ್ಲ, ಹಿಂದೂ, ಕ್ರೈಸ್ತ, ಯಾರೇ ಇರಲಿ, ಎಲ್ಲರಿಗೂ. ಸಂಬಳ ಕಡಿತ ಇಲ್ಲ. 6 ತಾಸಿನ ಮೇಲೆ ದುಡಿಸಿದರೆ ಓವರ್‌ಟೈಮ್ ಕೊಡಬೇಕು. ಇದರ ಜೊತೆಗೆ ಬೇಸಿಗೆಯಲ್ಲಿ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ಬಿಸಿಲಿನಲ್ಲಿ ದುಡಿಸಬಾರದೆಂಬ ನಿಯಮವೂ ಇತ್ತು. ಉಪವಾಸದ ತಿಂಗಳಿಗೆ ಒಂದು ಸರಕಾರ ಇಷ್ಟು ಮರ್ಯಾದೆ ಕೊಡುವುದನ್ನು ಕಂಡು, ಮೊದಲ ವರ್ಷ ನಮಗೆ ಕಣ್ಣಲ್ಲಿ ನೀರು ಬಂದದ್ದುಂಟು.

2010ರಲ್ಲಿ ಮಾತ್ರ ದುಬೈ ಬೇರೆಯೇ ಆಗಿತ್ತು. 2009ರ ನವೆಂಬರಿನಲ್ಲಿ ದುಬೈ ವರ್ಲ್ಡ್ ಸಂಸ್ಥೆ ಸಾಲ ತೀರಿಸಲು ಸಮಯ ಕೇಳಿದ ಮೇಲೆ ಎಷ್ಟೋ ಕಟ್ಟಡಗಳು ಅರ್ಧಕ್ಕೇ ನಿಂತಿದ್ದವು. ಜನವರಿಯಲ್ಲಿ ಬುರ್ಜ್ ಖಲೀಫಾ ಉದ್ಘಾಟನೆಯಾಗಿ ಪಟಾಕಿಯೂ ಹಾರಿತ್ತು, ಅದೇ ತಿಂಗಳು ನಮ್ಮ ಕ್ಯಾಂಪಿನಿಂದ ಎರಡು ಬಸ್ಸು ತುಂಬ ಜನರನ್ನು ಊರಿಗೆ ಕಳಿಸಿದ್ದೂ ಆಗಿತ್ತು. ಉಳಿದವರು ಉಳಿದದ್ದೇ ಭಾಗ್ಯವೆಂದು ಬಾಯಿ ಮುಚ್ಚಿಕೊಂಡಿದ್ದರು. ಹೀಗಿರುವಾಗ ರಮಝಾನಿನ ಎರಡನೆಯ ದಿನ ಮೇಲಿನವರಿಂದ ಮಾತು ಬಂತು. ಬೆಳಿಗ್ಗೆ 6ರಿಂದ 12ರವರೆಗೆ ಕೆಲಸ. ಅದಾದ ಮೇಲೆ ಸಂಜೆ 5ರಿಂದ 7ರವರೆಗೆ ಎಲ್ಲರೂ ಬರತಕ್ಕದ್ದು. ಆ ಬಿಸಿಲಿಗೆ ಕಾಂಕ್ರೀಟು ಹಾಕಲಾಗದು, ಸಂಜೆಯೇ ಹಾಕಬೇಕು ಎಂಬುದು ಕಾರಣ. ಅದು ಸುಳ್ಳಲ್ಲ. ಪುಸ್ತಕದಲ್ಲಿ ಮಾತ್ರ 6 ತಾಸು ಎಂದೇ ಬರೆಯಬೇಕು. "ಇದು ಓವರ್‌ಟೈಮ್ ಅಲ್ಲ, ಹೊಂದಾಣಿಕೆ" ಎಂದರು.

ನಾವು ಬರೆದೆವು. ಅಭ್ಯಾಸಬಲದಿಂದ "ನಾವು" ಎನ್ನುತ್ತಿದ್ದೇವೆ, ಆದರೆ ಆ ಸಹಿ ಒಬ್ಬರದೇ.

ಬೆಳಿಗ್ಗೆ ಸಹರಿಗೆ ಎದ್ದು, ಫಜರ್ ನಮಾಝಿನಲ್ಲಿ ನಿಂತು, ಹಗಲಿಡೀ ಒಂದು ಗುಟುಕು ನೀರು ಕುಡಿಯದೆ, ರಾತ್ರಿ ತರಾವೀಹ್ ಕೂಡ ತಪ್ಪಿಸದೆ, ನಡುವೆ ಹನ್ನೆರಡು ಗಂಟೆಗೆ ಒಂದು ಸುಳ್ಳು ಬರೆಯುವುದು. ದಿನಕ್ಕೆ ಅರವತ್ತು ಚಿಲ್ಲರೆ ಹೆಸರುಗಳ ಮುಂದೆ. ಉಪವಾಸ ಎಂದರೆ ಬರೀ ಹೊಟ್ಟೆಯದಲ್ಲ, ಕಣ್ಣಿಗೂ ನಾಲಿಗೆಗೂ ಕೈಗೂ ಉಪವಾಸ ಇದೆ ಎಂದು ಶಾಲೆಯಲ್ಲಿ ಉಸ್ತಾದರು ಕಲಿಸಿದ್ದನ್ನು ನಾವೇ ಕಿರಿಯರಿಗೆ ಹೇಳಿದವರು. ತರಾವೀಹ್ ಅಲ್ಲಿ ಹೆಚ್ಚಾಗಿ ಎಂಟು ರಕಅತ್. ನಮ್ಮ ಕಡೆ ಇಪ್ಪತ್ತು. ಎಂಟಾದ ಕೂಡಲೇ ಎದ್ದು ಹೋದರೆ ಉಳಿದ ಹನ್ನೆರಡರ ಗತಿ ಏನು ಎಂದು ನಮ್ಮ ಕೋಣೆಯಲ್ಲಿ ದಿನವೂ ಚರ್ಚೆ. ಹಾಜರಿ ಪುಸ್ತಕದ ಬಗ್ಗೆ ಒಂದು ದಿನವೂ ಚರ್ಚೆಯಾಗಲಿಲ್ಲ.

ಕೋಣೆಯಲ್ಲಿ ನಾವು ಆರು ಜನ. ಐವರು ಮುಸ್ಲಿಮರು, ಒಬ್ಬ ಅಂಕೋಲೆ ಕಡೆಯ ಹಿಂದೂ ಗೆಳೆಯ, ಕ್ರೇನ್ ಆಪರೇಟರ್. ನಮ್ಮ ಘಟ್ಟದ ಬುಡದವನಾದ್ದರಿಂದ ಅವನಿಗೂ ನಮಗೂ ಸಲಿಗೆ ಹೆಚ್ಚು. ಅವನು ಉಪವಾಸ ಇರುತ್ತಿರಲಿಲ್ಲ, ಆದರೆ ಕೋಣೆಯೊಳಗೆ ನೀರು ಕುಡಿಯುತ್ತಿರಲಿಲ್ಲ. ಬೇಡವೆಂದರೂ ಕೇಳದೆ ಹೊರಗೆ ಅಡುಗೆಮನೆಗೆ ಹೋಗಿ ಕುಡಿದು ಬರುತ್ತಿದ್ದ. ಕ್ಯಾಂಪಿನ ಅಡುಗೆಮನೆಯಲ್ಲಿ ಸಹರಿಯ ಹೊತ್ತಿಗೆ ಒಲೆಗೆ ಸಾಲು ಹಚ್ಚಬೇಕು. ಮೂರು ಗಂಟೆಗೇ ಎದ್ದು ನಮ್ಮ ಪಾಳಿ ಹಿಡಿದು ನಿಲ್ಲುತ್ತಿದ್ದವನು ಅವನೇ. ಕುಚ್ಚಿಗೆ ಅನ್ನ, ಒಣಮೀನು ಸುಟ್ಟದ್ದು, ಅಪರೂಪಕ್ಕೆ ಊರಿನಿಂದ ಬಂದ ಮಾವಿನಮಿಡಿ ಉಪ್ಪಿನಕಾಯಿ. ಒಣಮೀನು ತಿಂದರೆ ಹಗಲು ಬಾಯಾರಿಕೆ ಆಗುತ್ತದೆಂದು ನಾವು ಬೈದರೆ, "ನಿಮ್ಮ ಸ್ವರ್ಗಕ್ಕೆ ಅದೂ ಜಮಾ ಆಗ್ತದೆ, ತಿನ್ನಿ" ಎನ್ನುತ್ತಿದ್ದ.

ನಮ್ಮ ಸೈಟಿನ ಕಟ್ಟಡ ಆಗ ನಲವತ್ತು ಅಂತಸ್ತು ಮುಟ್ಟಿತ್ತು. ಒಂದು ಸಂಜೆ ಕೆಳಗೆ ಬಾಂಗ್ ಕೇಳಿ, ಮರಳಿನ ಚೀಲದ ಮೇಲೆ ಕೂತು ನಾವೆಲ್ಲ ಖರ್ಜೂರ ಬಾಯಿಗಿಟ್ಟೆವು. ರಾತ್ರಿ ಕೋಣೆಗೆ ಬಂದವನೇ ಅವನು, "ಅಲ್ಲಾ ಮಾರಾಯಾ, ನೀವು ಮೋಸದ ಉಪವಾಸ ಮಾಡ್ತೀರಿ. ನೀವು ಕೆಳಗೆ ತಿಂತಾ ಇದ್ದಾಗ ಮೇಲೆ ನನಗೆ ಸೂರ್ಯ ಕಾಣ್ತಾ ಇದ್ದ" ಎಂದ. ಎಲ್ಲರೂ ನಕ್ಕೆವು. ಅದು ನಿಜವಾದ ಮಾತೇ. ಎತ್ತರಕ್ಕೆ ಹೋದಷ್ಟೂ ಸೂರ್ಯ ಮುಳುಗುವುದು ತಡ. ಮರುವರ್ಷ, 2011ರ ರಮಝಾನಿನಲ್ಲಿ, ಬುರ್ಜ್ ಖಲೀಫಾದ 80ನೆಯ ಅಂತಸ್ತಿನಿಂದ ಮೇಲೆ ಇರುವವರು 2 ನಿಮಿಷ, 150ಕ್ಕಿಂತ ಮೇಲಿನವರು 3 ನಿಮಿಷ ತಡವಾಗಿ ರೋಝಾ ಬಿಡಬೇಕು ಎಂದು ದುಬೈಯ ಮುಫ್ತಿಗಳೇ ಹೇಳಿದರು. ಅದನ್ನು ಪತ್ರಿಕೆಯಲ್ಲಿ ಓದಿದಾಗ ನಮಗೆ ನೆನಪಾದದ್ದು ಅಬ್ಬಾ. ಘಟ್ಟದ ರಸ್ತೆಯ ಬದಿಯಲ್ಲಿ ಅವರದು ಲಾರಿ ರಿಪೇರಿಯ ಶೆಡ್ಡು. ನಮ್ಮಲ್ಲಿ ಸಮುದ್ರದ ಹಾಗೆ ಸೂರ್ಯ ಮುಳುಗುವುದು ಕಾಣದು; ಸಂಜೆ ಇನ್ನೂ ಬಾಕಿ ಇರುವಾಗಲೇ ಗುಡ್ಡದ ಹಿಂದೆ ಹೋಗಿಬಿಡುತ್ತಾನೆ. ಬಾಂಗ್ ಕೇಳುವಷ್ಟು ಹತ್ತಿರ ಮಸೀದಿಯೂ ಇಲ್ಲ. ಹುಬ್ಬಳ್ಳಿಯ ಅಂಗಡಿಯವರು ಅಚ್ಚು ಹಾಕಿಸಿದ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿ, ಅದಕ್ಕೆ ಎರಡು ನಿಮಿಷ ಕೂಡಿಸಿಕೊಂಡು ಅಬ್ಬಾ ರೋಝಾ ಬಿಡುತ್ತಿದ್ದರು. "ಕತ್ತಲಾಯಿತಲ್ಲ" ಎಂದು ನಾವು ಮಕ್ಕಳು ಗೋಗರೆದರೆ, "ಅದು ಗುಡ್ಡದ ಕತ್ತಲು, ಸೂರ್ಯನದ್ದಲ್ಲ" ಎನ್ನುತ್ತಿದ್ದರು. ದಾರಿಯಲ್ಲಿ ಉಪವಾಸ ಇರುವ ಡ್ರೈವರು, ಕ್ಲೀನರುಗಳು ಆ ಹೊತ್ತಿಗೆ ಲಾರಿ ನಿಲ್ಲಿಸಿ ಇಳಿಯುವರು. ಖರ್ಜೂರ ಆಗ ನಮ್ಮ ಕಡೆ ಸುಲಭಕ್ಕೆ ಸಿಗದು. ಒಂದು ಬಟ್ಟಲಲ್ಲಿ ಉಪ್ಪು, ಒಂದು ಕೊಡ ನೀರು, ಪಕ್ಕದ ತೋಟದ ಮನೆಯವರು ಕೊಟ್ಟ ಜೋನಿಬೆಲ್ಲದ ಪಾನಕ. ಉಪ್ಪನ್ನು ನಾಲಿಗೆಗೆ ಮುಟ್ಟಿಸಿ ಆಮೇಲೆ ನೀರು.

ಕ್ರೇನಿನ ಮೇಲಿಂದ ಸೂರ್ಯ ಕಂಡ ಮಾತಿಗೆ ಎಲ್ಲರೂ ನಕ್ಕರೂ ನಮ್ಮ ನಗು ಅರ್ಧಕ್ಕೆ ನಿಂತಿತು. ಆ ಹೊತ್ತಿಗೆ ಅವನು ಕ್ರೇನಿನ ಮೇಲೆ ಇರಲೇಬಾರದಿತ್ತು. ನಮ್ಮ ಪುಸ್ತಕದ ಪ್ರಕಾರ ಅವನು ಇಳಿದು ಏಳು ತಾಸಾಗಿತ್ತು.

ಆ ವರ್ಷ ಈದಿಗೆ ನಮಗೆ ರಜೆ ಸಿಕ್ಕಿತು, ಗೆಳೆಯನಿಗೂ. ಅವನಿಗೆ ಬೇಕಾದದ್ದು ಚೌತಿ. ಓದುಗರಿಗೆ ನೆನಪಿರಬಹುದು, 2010ರಲ್ಲಿ ನಮ್ಮ ಕಡೆ ಈದೂ ಗಣೇಶ ಚೌತಿಯೂ ಸೆಪ್ಟೆಂಬರ್ 11ರಂದು, ಒಂದೇ ದಿನ ಬಂದವು. ದುಬೈಯಲ್ಲಿ 9ಕ್ಕೆ ಮೂವತ್ತು ಉಪವಾಸ ಮುಗಿದು 10ಕ್ಕೆ ಈದ್. ಒಂದು ದಿನ ನಿಂತು ಅಲ್ಲಿನ ಈದ್ ನಮಾಝ್ ಮುಗಿಸಿ ಹೊರಡಬಹುದಿತ್ತು, ಆದರೆ ಗೆಳೆಯನಿಗೆ ಚೌತಿಯ ಮುನ್ನಾದಿನ ಮನೆ ಮುಟ್ಟಲೇಬೇಕು. ಮೇ ತಿಂಗಳಲ್ಲಿ ದುಬೈಯಿಂದ ಹೊರಟ ವಿಮಾನ ಮಂಗಳೂರಿನಲ್ಲಿ ಬಿದ್ದು 158 ಜನ ಸತ್ತ ಮೇಲೆ ಅಮ್ಮಿ, "ಮಂಗಳೂರಿಗೆ ಮಾತ್ರ ಇಳಿಯಬೇಡ" ಎಂದು ಆಣೆ ಹಾಕಿದ್ದರು. ಹಾಗಾಗಿ ಗೋವಾದ ಟಿಕೆಟು. 9ರ ರಾತ್ರಿ, ಇಡೀ ನಗರ ಈದಿನ ದೀಪ ಹಚ್ಚಿಕೊಂಡು ಬೀದಿಗೆ ಇಳಿಯುತ್ತಿದ್ದ ಹೊತ್ತಿಗೆ, ನಾವಿಬ್ಬರು ಪೆಟ್ಟಿಗೆ ಎಳೆಯುತ್ತ ವಿಮಾನ ನಿಲ್ದಾಣಕ್ಕೆ ಹೋದೆವು.

ಮೂವತ್ತು ಉಪವಾಸ ಆಗಿತ್ತು. ಆದರೆ ಇಳಿಯುವ ನೆಲದಲ್ಲಿ ಇನ್ನೂ ರಮಝಾನ್ ಮುಗಿದಿರಲಿಲ್ಲ. ಎಲ್ಲಿ ಇದ್ದೇವೋ ಆ ಊರಿನವರ ಜೊತೆಗೇ ಉಪವಾಸ, ಆ ಊರಿನವರ ಜೊತೆಗೇ ಈದ್ ಎಂಬುದು ಹೆಚ್ಚಿನ ಉಲೆಮಾಗಳ ಅಭಿಪ್ರಾಯ. ಗಲ್ಫಿನಿಂದ ಈದಿಗೆ ಊರಿಗೆ ಬರುವವರಿಗೆ ಇದು ಹೊಸದಲ್ಲ. ಇಲ್ಲಿಂದ ಆರಂಭಿಸಿ ಅಲ್ಲಿ ಈದ್ ಮಾಡುವವರಿಗೆ ಇಪ್ಪತ್ತೆಂಟೇ ಆಗುವುದೂ ಉಂಟು. ಅವರು ಆಮೇಲೆ ಒಂದು ಕೂಡಿಸಿ ಕೊಡಬೇಕು. ಅಷ್ಟೇಕೆ, ಮಂಗಳೂರು-ಉಡುಪಿಯವರು ಕೇರಳದ ಚಂದ್ರನನ್ನು ನಂಬುವವರಾದ್ದರಿಂದ ಕೆಲವು ವರ್ಷ ನಮಗಿಂತ ಒಂದು ದಿನ ಮುಂಚೆಯೇ ಹಬ್ಬ ಮಾಡುತ್ತಾರೆ. 2024ರಲ್ಲಿ ಅವರು ಏಪ್ರಿಲ್ 10ಕ್ಕೆ, ನಾವು 11ಕ್ಕೆ. ಒಂದೇ ರಾಜ್ಯದಲ್ಲಿ ಎರಡು ಚಂದ್ರ. ವಿಮಾನದಲ್ಲಿ ಕೊಟ್ಟದ್ದನ್ನೇ ಸಹರಿ ಎಂದು ತಿಂದು, ಗೋವಾದಲ್ಲಿ ಫಜರ್ ಮಾಡಿ, ಮೂವತ್ತೊಂದನೆಯ ಉಪವಾಸ ಹಿಡಿದೆವು.

ಕಾರವಾರ ದಾಟಿ ಅಂಕೋಲೆಗೆ ಬರುವಾಗ ಮಧ್ಯಾಹ್ನ. ಪೇಟೆಯಲ್ಲಿ ಕಾಲಿಡಲು ಜಾಗವಿಲ್ಲ. ಗಣಪತಿಯ ಮೇಲೆ ಕಟ್ಟುವ ಫಲಾವಳಿಗೆ ಬೇಕಾದ ಕಾಡಿನ ಕಾಯಿ, ಸಿಂಗಾರ, ಹೂವು. ಅದರ ಪಕ್ಕದಲ್ಲೇ ಈದಿಗೆಂದು ಶಾವಿಗೆ, ಟೋಪಿ, ಅತ್ತರು. ಮಳೆ ಹನಿಯುತ್ತಿತ್ತು. ಗೆಳೆಯ ಅಲ್ಲಿಯೇ ಇಳಿಯುವವನು, ನಮಗೆ ಘಟ್ಟದ ಬಸ್ಸಿಗೆ ಅರ್ಧ ತಾಸಿತ್ತು. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತಾಗ ಅವನು ಕಿಸೆಯಿಂದ ಒಂದು ಸಣ್ಣ ಡೈರಿ ತೆಗೆದ. ಕ್ರೇನಿನವರು ದಿನದ ಕೆಲಸ ಬರೆದಿಡಬೇಕು, ಅದರ ಜೊತೆಗೆ ತನ್ನದೂ ಒಂದು ಲೆಕ್ಕ ಇಟ್ಟಿದ್ದ.

"ಇಪ್ಪತ್ತೈದು ದಿನ, ಐವತ್ತು ತಾಸು," ಎಂದ. "ನಿನ್ನ ಪುಸ್ತಕದಲ್ಲಿ ಇಲ್ಲ, ನನ್ನದರಲ್ಲಿ ಉಂಟು."

ನಮಗೆ ಮಾತು ಹೊರಡಲಿಲ್ಲ.

"ಉಪವಾಸ ನಿಂದು, ತಾಸು ಹೋದದ್ದು ನಂದೂ ಸೈತ" ಎಂದು ನಕ್ಕ. ಆಮೇಲೆ, "ಕೇಳ್ತಾ ಇಲ್ಲ ಮಾರಾಯಾ. ನೀನು ಬರೆಯದಿದ್ರೆ ಇನ್ನೊಬ್ಬ ಬರೀತಿದ್ದ, ನಿನ್ನನ್ನು ಬಸ್ಸು ಹತ್ತಿಸ್ತಿದ್ರು. ನಮಗೆಲ್ಲ ಗೊತ್ತಿತ್ತು, ಅಷ್ಟೇ. ನಿನಗೆ ಗೊತ್ತಿರ್ಲಿ ಅಂತ ಹೇಳ್ದೆ."

ನಮಗೆಲ್ಲ ಗೊತ್ತಿತ್ತು ಎಂದರೆ, ದಿನವೂ ನಮ್ಮ ಪಕ್ಕದಲ್ಲಿ ನಿಂತು ನಮಾಝ್ ಮಾಡಿದ ಅಷ್ಟೂ ಜನರಿಗೆ ಗೊತ್ತಿತ್ತು. ಮೂರು ಗಂಟೆಗೆ ಎದ್ದು ನಮಗಾಗಿ ಒಲೆ ಕಾಯುತ್ತಿದ್ದಾಗಲೂ ಅವನಿಗೆ ಗೊತ್ತಿತ್ತು. ಬಸ್ಸು ಬಂದಾಗ ಅವನು ಒಂದು ಚಿಪ್ಪು ಬಾಳೆಹಣ್ಣು ತಂದು ಕಿಟಕಿಯಿಂದ ಕೊಟ್ಟ. "ಸಂಜೆ ಅಮ್ಮನಿಗೆ, ಉಪವಾಸ ಬಿಡೋವಾಗ."

ಘಟ್ಟದ ರಸ್ತೆ ಹಾಳಾಗಿ ಹೋಗಿತ್ತು. ಹಿಂದಿನ ವರ್ಷಗಳಲ್ಲಿ ಬಳ್ಳಾರಿ ಕಡೆಯಿಂದ ಬೇಲೆಕೇರಿ ಬಂದರಿಗೆ ಹಗಲು ರಾತ್ರಿ ಇಳಿಯುತ್ತಿದ್ದ ಅದಿರಿನ ಲಾರಿಗಳು ಮಾಡಿಟ್ಟ ಹೊಂಡಗಳು. ಆ ಜುಲೈಯಲ್ಲಿ ರಾಜ್ಯ ಸರಕಾರ ಅದಿರು ರಫ್ತು ನಿಲ್ಲಿಸಿದ್ದರಿಂದ ಲಾರಿಗಳು ಇರಲಿಲ್ಲ, ಹೊಂಡದಲ್ಲಿ ಕೆಂಪು ನೀರು ಇತ್ತು. ಪುಸ್ತಕದಲ್ಲಿ ಒಂದು, ಲಾರಿಯಲ್ಲಿ ಒಂದು ಎಂದು ಆ ದಿನಗಳಲ್ಲಿ ಎಲ್ಲರೂ ಬೈಯುತ್ತಿದ್ದರು. ಬಸ್ಸಿನಲ್ಲಿ ಪಕ್ಕದ ಸೀಟಿನವರು ಮಡಿಲಲ್ಲಿ ಗಣಪತಿಯ ಮೂರ್ತಿ ಇಟ್ಟುಕೊಂಡು, ಹೊಂಡ ಬಂದಾಗಲೆಲ್ಲ ಎರಡೂ ಕೈಯಿಂದ ಅಪ್ಪಿಕೊಳ್ಳುತ್ತ, ಅದೇ ಬೈಗುಳ ಬೈದರು. ನಾವು ಹೂಂ ಎಂದೆವು.

ಆ ಸಂಜೆ ಅಮ್ಮಿಯ ಎದುರು ಕೂತು ಎರಡು ವರ್ಷಗಳ ಮೇಲೆ ಮೊದಲ ಬಾರಿಗೆ ಒಟ್ಟಿಗೆ ರೋಝಾ ಬಿಟ್ಟೆವು. ನಾವು ತಂದ ಖರ್ಜೂರ ಇತ್ತು, ಬಾಳೆಹಣ್ಣು ಇತ್ತು. ಅಮ್ಮಿ ಮಾತ್ರ ಅಬ್ಬಾನ ಉಪ್ಪಿನ ಬಟ್ಟಲನ್ನೂ ಇಟ್ಟಿದ್ದರು. ಅವರು ತೀರಿಹೋಗಿ ಆಗ ನಾಲ್ಕು ವರ್ಷ. ಗೋಡೆಯ ಮೇಲೆ ಹುಬ್ಬಳ್ಳಿಯ ಹೊಸ ವೇಳಾಪಟ್ಟಿ, ಅದಕ್ಕೆ ಕೂಡಿಸಬೇಕಾದ ಎರಡು ನಿಮಿಷ ಅಮ್ಮಿಯ ತಲೆಯಲ್ಲಿ. "ನಿನ್ನದು ಎಷ್ಟಾಯಿತು?" ಎಂದು ಕೇಳಿದರು. "ಮೂವತ್ತೊಂದು" ಎಂದೆವು. "ಒಂದು ಹೆಚ್ಚಾಯಿತಲ್ಲ" ಎಂದು ಸಂತೋಷಪಟ್ಟರು. ಹೆಚ್ಚಾಗಿಲ್ಲ ಅಮ್ಮಿ, ಇಪ್ಪತ್ತೈದು ಕಡಿಮೆ ಬಿದ್ದಿರಬೇಕು ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಈದಿನ ಮುನ್ನಾದಿನ ಹೇಳುವ ಮಾತಲ್ಲ ಎಂದು ಆಗ ಅಂದುಕೊಂಡೆವು. ಅವರು ಇರುವತನಕವೂ ಹೇಳದೆ ಉಳಿದೆವು.

ಮರುದಿನ ಯಲ್ಲಾಪುರದ ಈದ್ಗಾಹಿನಿಂದ ಬರುವಾಗ ಪೇಟೆಯಲ್ಲಿ ಚೌತಿಯ ವಾದ್ಯ. ಶೀರ್ ಖುರ್ಮಾ ತೋಟದ ಮನೆಗೆ ಹೋಯಿತು, ಚಕ್ಕುಲಿ, ಪಂಚಕಜ್ಜಾಯ ನಮ್ಮ ಮನೆಗೆ ಬಂದವು. ಒಳ್ಳೆಯ ಹಬ್ಬ.

ರಜೆ ಮುಗಿಸಿ ಹೋದ ಮೇಲೆ, ಮುಂದಿನ ರಮಝಾನ್ ಬರುವುದಕ್ಕೆ ಮುಂಚೆ, ನಮ್ಮನ್ನು ಸ್ಟೋರಿಗೆ ಹಾಕಿ ಎಂದು ಕೇಳಿಕೊಂಡೆವು. ಸಂಬಳ ಸ್ವಲ್ಪ ಕಡಿಮೆ. ಕಾರಣ ಕೇಳಿದ್ದಕ್ಕೆ ಕಣ್ಣು ನೋವು ಎಂದೆವು. ಇದನ್ನು ಧೈರ್ಯವೆಂದು ಯಾರೂ ತಿಳಿಯಬಾರದು. ಹಾಜರಿ ಪುಸ್ತಕ ಇನ್ನೊಬ್ಬನ ಕೈಗೆ ಹೋಯಿತು, 2011ರ ಆಗಸ್ಟಿನಲ್ಲೂ ಅದರಲ್ಲಿ 6 ತಾಸೇ ಇತ್ತು. ಬರೆಯುತ್ತಿದ್ದವನು ಬಿಹಾರದ ಹುಡುಗ, ಅವನೂ ರೋಝಾ ಹಿಡಿಯುವವನೇ. ಅವನಿಗೆ ಏನಾದರೂ ಹೇಳಬೇಕಿತ್ತು. ಸಿಮೆಂಟಿನ ಚೀಲ ಎಣಿಸುತ್ತ ಕೂತೆವು.

ಗೆಳೆಯ ಈಗ ಅಂಕೋಲೆಯಲ್ಲೇ ಇದ್ದಾನೆ, ನಾವೂ ಊರಿಗೆ ಮರಳಿ ವರ್ಷಗಳಾದವು. ಆ ಐವತ್ತು ತಾಸಿನ ದುಡ್ಡನ್ನು ಕೊಡಲು ಒಮ್ಮೆ ಹೋಗಿದ್ದೆವು. ಮನೆಯ ಜಗಲಿಯಲ್ಲಿ ಕೂರಿಸಿ ಚಾ ಕೊಟ್ಟ, ದುಡ್ಡು ಮುಟ್ಟಲಿಲ್ಲ. "ನಂದು ಒಬ್ಬಂದೇ ಕೊಟ್ರೆ ಉಳಿದ ಅರವತ್ತು ಜನ?" ಎಂದ. ಅವರು ಎಲ್ಲಿದ್ದಾರೋ, ಸಿಲ್ಹೆಟ್, ಸಿವಾನ್, ನಿಜಾಮಾಬಾದ್. ಹೆಸರುಗಳೂ ಪೂರ್ತಿ ನೆನಪಿಲ್ಲ. ಬರೆದದ್ದು ನಾವೇ ಆದರೂ.

ರಮಝಾನಿನಲ್ಲಿ ಕೆಲವು ಸಂಜೆ ಅವನ ಫೋನ್ ಬರುತ್ತದೆ. ಕಡಲ ದಂಡೆಯಲ್ಲಿ ನಿಂತು ಮಾಡುತ್ತಾನೆ, ಹಿಂದೆ ತೆರೆಯ ಸದ್ದು ಕೇಳುತ್ತದೆ. "ನಿಮ್ಮಲ್ಲಿ ಕತ್ತಲಾಯ್ತಾ?" ಎನ್ನುತ್ತಾನೆ. ಆಯಿತು ಎನ್ನುತ್ತೇವೆ. "ಬಿಡಬೇಡ ತಡಿ. ಇಲ್ಲಿ ಇನ್ನೂ ನೀರಿನ ಮೇಲೆ ಇದ್ದಾನೆ."